ವೃಷಭಾವತಿಯ ಪೂರ್ವವೃತ್ತಾಂತವೂ ಪುನರುದ್ಧಾರವೂ

ಮಹಾನದಿಗಳ ತಡಿಯಲ್ಲಿ ಬೆಳೆದ ಪಟ್ಟಣಗಳು ಲೋಕದಲ್ಲಿ ಅನೇಕವಾಗಿವೆ, ಬೆಂಗಳೂರು ಅಂಥದಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ಅದು ನೆಲೆಸಿರುವುದರಿಂದ, ಅಲ್ಲಿ ಸುರಿದ ಮಳೆಯು ಇಬ್ಭಾಗವಾಗಿ ಪೂರ್ವಕ್ಕೆ ದಕ್ಷಿಣಪಿನಾಕಿನಿಯನ್ನೂ ಪಶ್ಚಿಮಕ್ಕೆ ಅರ್ಕಾವತಿಯನ್ನೂ ಸೇರುವುದು. ಪಶ್ಚಿಮದ ನೀರನ್ನು ಒಯ್ಯುವ ಹೊಳೆಯೇ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದಮೂಲದಲ್ಲಿ ಇದು ಉದ್ಭವಿಸಿತೆಂದೂ ಅದರಿಂದಲೇ ಈ ಹೆಸರು ಬಂದಿತೆಂದೂ ಪ್ರತೀತಿಯುಂಟು.

ದೊಡ್ಡ ನದಿಯಿಲ್ಲದ ಈ ನೆಲದಲ್ಲಿ 1537ರಲ್ಲಿ ಪಟ್ಟಣವನ್ನು ಕಟ್ಟಿಸಿದ ಕೆಂಪೇಗೌಡರ ಕಾಲದಿಂದ ಕೆರೆಗಳೇ ಜನರ ಜೀವನಾಧಾರವಾದುವು. ಕೆಂಪಾಂಬುಧಿ, ಧರ್ಮಾಂಬುಧಿ ಮೊದಲಾದ ಕೆರೆಗಳು ಅವರ ದೂರದೃಷ್ಟಿಗೆ ಸಾಕ್ಷಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ತುಂಬುತ್ತಿತ್ತು. ನೆಲದೊಳಕ್ಕೆ ಇಂಗಿದ ನೀರು ಒರತೆಯಾಗಿ ಹೊಳೆಯನ್ನು ಪೋಷಿಸುತ್ತಿತ್ತು. ಆದುದರಿಂದ ಕೆರೆ, ಕಾಲುವೆ, ಹೊಳೆಗಳು ಮೂರಲ್ಲ. ಅವು ಒಂದೇ ದೇಹದ ಅವಯವಗಳು. ಕಾಲಾಂತರದಲ್ಲಿ ಧರ್ಮಾಂಬುಧಿಯು ಬಸ್ಸು ನಿಲ್ದಾಣವಾಯಿತು. ಬೇರೆ ಎಷ್ಟೋ ಕೆರೆಗಳ ಅಂಗಳದಲ್ಲಿ ಮನೆಗಳೆದ್ದುವು.

1896ರಿಂದ ಹೆಸರಘಟ್ಟದ ನೀರೂ, 1933ರ ತರುವಾಯ ತಿಪ್ಪಗೊಂಡನಹಳ್ಳಿಯ ನೀರೂ ನಗರಕ್ಕೆ ಒದಗಿದುವು. 1974ರಲ್ಲಿ ಕಾವೇರಿಯನ್ನೇ ಸುಮಾರು 100 ಕಿಲೋಮೀಟರು ದೂರದಿಂದ ಯಂತ್ರಬಲದಿಂದ ಮೇಲೆತ್ತಿ ತಂದರು. ನೀರು ಹೆಚ್ಚಿದಷ್ಟೂ ಕೊಳಚೆಯೂ ಹೆಚ್ಚಿತು. ಅದಕ್ಕೆ ತಕ್ಕಷ್ಟು ಒಳಚರಂಡಿಯೂ ಶುದ್ಧೀಕರಣವೂ ಬೆಳೆಯಲಿಲ್ಲ. ಪೀಣ್ಯ ಮೊದಲಾದೆಡೆಗಳ ಕಾರ್ಖಾನೆಗಳ ಕಲ್ಮಷವೂ ಇದೇ ಕಣಿವೆಗೆ ಇಳಿಯಿತು. ಜಲಮಾಲಿನ್ಯವನ್ನು ತಡೆಯುವ ಕೇಂದ್ರ ಕಾಯಿದೆಯು ಅದೇ 1974ರಲ್ಲಿ ಜಾರಿಗೆ ಬಂದಿತ್ತೆಂಬುದು ಚಿಂತಿಸತಕ್ಕ ವಿಷಯ.

ಇದರ ಫಲವನ್ನು ಉಣ್ಣುವವರು ನಗರವಾಸಿಗಳಿಗಿಂತಲೂ ಹೆಚ್ಚಾಗಿ ಕೆಳಗಿನ ಗ್ರಾಮಗಳವರು. ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಸಾಗಿ, ಕೆಂಗೇರಿಯನ್ನು ದಾಟಿ, ಬಿಡದಿಯ ಸಮೀಪದ ಬೈರಮಂಗಲದ ಜಲಾಶಯವನ್ನು ಹೊಳೆಯು ಸೇರುವುದು. ಬೇಸಾಯಕ್ಕೆಂದು ಕಟ್ಟಿದ ಆ ಜಲಾಶಯದಲ್ಲಿ ನೊರೆ ತುಂಬಿತು. ರೈತನ ಬಾವಿಯೂ ಕೆಟ್ಟಿತು. ಅಲ್ಲಿಂದ ಕನಕಪುರದ ಬಳಿ ಅರ್ಕಾವತಿಯನ್ನು ಕೂಡಿ ಈ ನೀರು ಸಂಗಮದಲ್ಲಿ ಕಾವೇರಿಗೆ ಬೀಳುವುದು. ಯಾವ ನದಿಯ ಅಮೃತವನ್ನು ನಗರವು ಕುಡಿಯಿತೋ ಅದೇ ನದಿಗೆ ಕೊಳಚೆಯನ್ನು ಹಿಂದಿರುಗಿಸಿದಂತಾಯಿತು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದಲ್ಲದೆ ಮತ್ತೇನು?

ಕೆಟ್ಟ ಹೊಳೆ ತಿರುಗಿ ಬದುಕುವುದುಂಟೆ ಎಂದು ಕೇಳುವವರಿಗೆ ಲಂಡನ್ನಿನ ಥೇಮ್ಸ್ ನದಿಯೇ ಉತ್ತರ. 1858ರಲ್ಲಿ ಅದರ ದುರ್ಗಂಧವು ಪಾರ್ಲಿಮೆಂಟಿನವರನ್ನೇ ಕಂಗೆಡಿಸಿತು. ಬಳಿಕ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರರು ಕೊಳಚೆಯನ್ನು ನಡುವೆಯೇ ತಡೆದು ದೂರ ಒಯ್ಯುವ ಮಹಾಚರಂಡಿಗಳನ್ನು ಕಟ್ಟಿಸಿದರು. ಆದರೂ 1957ರ ವೇಳೆಗೆ ಲಂಡನ್ನಿನ ಬಳಿಯ ಪ್ರವಾಹವು ನಿರ್ಜೀವವೆಂದು ವಿಜ್ಞಾನಿಗಳು ಹೇಳಬೇಕಾಯಿತು. ಕೊಳಚೆಯನ್ನು ದೂರ ಸಾಗಿಸಿದರೆ ಸಾಲದು, ಅದನ್ನು ಶುದ್ಧಿಗೊಳಿಸಲೇಬೇಕೆಂದು ಅರಿತು ನಡೆದ ಮೇಲೆ, ಒಂದು ಶತಮಾನಕ್ಕೂ ಮಿಕ್ಕಿ ಕಾಣದಿದ್ದ ಸಾಲ್ಮನ್ ಮೀನು 1974ರಲ್ಲಿ ಅಲ್ಲಿ ಮರಳಿ ಕಾಣಿಸಿತು.

ವೃಷಭಾವತಿಗೂ ಇದೇ ಮಾರ್ಗ. ಹೊಳೆಯ ಪಾತ್ರದ ಹೂಳನ್ನು ತೆಗೆದು, ದಡಕ್ಕೆ ಗೋಡೆ ಕಟ್ಟಿದ ಮಾತ್ರಕ್ಕೆ ಉದ್ಧಾರವಾಗದು. ಪ್ರತಿಯೊಂದು ಮೋರಿಯ ಮೂಲದಲ್ಲಿಯೇ ಕೊಳಚೆಯನ್ನು ತಡೆಯಬೇಕು. ಕಾರ್ಖಾನೆಯ ನೀರು ಶುದ್ಧವಾಗದೆ ಹೊರಬೀಳಕೂಡದು. ರಾಜಕಾಲುವೆಗಳು ಒತ್ತುವರಿಯಿಂದ ಬಿಡುಗಡೆಯಾಗಬೇಕು. ಉಳಿದ ಕೆರೆಗಳು ಮಳೆಯನ್ನು ಹಿಡಿದು ನೆಲಕ್ಕೆ ಇಂಗಿಸಬೇಕು. ರಾಜ್ಯದ ಕಾರ್ಯವನ್ನು ರಾಜ್ಯವು ಮಾಡಲಿ. ಸದ್ಭಕ್ತರಾದ ನಾವು ಮೊದಲು ಮಾಡತಕ್ಕದ್ದು ಒಂದುಂಟು: ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಹಿರಿಯರು ಕೈಮುಗಿದ ಹೊಳೆಯನ್ನು ಮೋರಿಯೆಂದು ಕರೆಯುವುದನ್ನು ಬಿಡುವುದು. ಹೊಳೆಯೆಂದು ಬಗೆದವನು ಅದಕ್ಕೆ ಕಸವನ್ನೆಸೆಯಲು ಹಿಂಜರಿಯುವನು. ಆ ಹಿಂಜರಿಕೆಯಿಂದಲೇ ಉದ್ಧಾರವು ಮೊದಲಾಗುವುದು.