ಬೆಲ್ಲದ ನೀರು ಮತ್ತು ಬಂಗಾರದ ನೀರು



ಸವದತ್ತಿ ತಾಲೂಕಿನ ಹೂಲಿಗೆ ನೀವು ಹೋಗಿದ್ದರೆ ಕಲ್ಯಾಣ ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ದೇವಾಲಯವನ್ನು ನೋಡಿಯೇ ಇರುತ್ತೀರಿ. ಅದರ ಚಿತ್ರೀಕರಣಕ್ಕೆಂದು ಹೋದ ಒಂದು ಮಧ್ಯಾಹ್ನ ನಮ್ಮ ತಂಡ ಮನೆಯೊಂದರ ಕಟ್ಟೆಯ ಮೇಲೆ ಕುಳಿತಿತ್ತು. ಮನೆಯ ಅಜ್ಜಿ ಬೆಲ್ಲ ಹಾಕಿದ ನೀರನ್ನು ತಂದುಕೊಟ್ಟು, "ಯಪ್ಪಾ, ಬೆಲ್ಲ ತಳಕ್ಕ ಕುಂತೈತಿ, ಕಲಕಿ ಕುಡಿ" ಎಂದರು. ಪಕ್ಕದಲ್ಲಿದ್ದ ಮೊಮ್ಮಗ ನನ್ನನ್ನು ಕೇಳಿದ: "ಸರ್, ಜೋರಾಗಿ ಕಲಕಿದ್ರ ಜಾಸ್ತಿ ಬೆಲ್ಲ ಕರಗ್ತೈತೇನ್ರೀ?"

ಹೌದೆನ್ನಲು ಹೊರಟವನು ತಡೆದೆ. ಆ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿದ್ದವು. ಎಷ್ಟು ಬೇಗ ಕರಗುತ್ತದೆ ಎಂಬುದು ಒಂದು, ಒಟ್ಟು ಎಷ್ಟು ಕರಗುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿ ಅಳೆಯಲು ವಿಜ್ಞಾನಿಗಳಿಗೂ ಬಹಳ ಕಾಲ ಹಿಡಿಯಿತು.

ಕಲಕದೇ ಬಿಟ್ಟರೆ ಏನಾಗುತ್ತದೆ? ಇದನ್ನು ಲೆಕ್ಕಕ್ಕೆ ತಂದವನು ಅಡಾಲ್ಫ್ ಫಿಕ್. ಆತ ಶರೀರಶಾಸ್ತ್ರಜ್ಞ. ತಳದಲ್ಲಿ ಉಪ್ಪು, ಮೇಲೆ ಶುದ್ಧ ನೀರು ಇರುವಂತೆ ಏರ್ಪಾಡು ಮಾಡಿ, ಉಪ್ಪು ತಾನಾಗಿಯೇ ಮೇಲಕ್ಕೆ ಹರಡುವ ರೀತಿಯನ್ನು ಗಮನಿಸಿ, 1855ರಲ್ಲಿ ವಿಸರಣೆಯ ನಿಯಮವನ್ನು ಪ್ರಕಟಿಸಿದ. ಈ ವಿಸರಣೆ ತೀರ ನಿಧಾನ. ಅಲುಗಾಡದ ನೀರಿನಲ್ಲಿ ಸಕ್ಕರೆಯ ಅಣುಗಳು ಕೇವಲ ಒಂದು ಸೆಂಟಿಮೀಟರ್ ದೂರ ಹರಡಲು ಸುಮಾರು ಒಂದು ದಿನ ಬೇಕು. ಬೆಲ್ಲದ ನೀರಿಗಾಗಿ ಅಷ್ಟು ಹೊತ್ತು ಕಾಯುವ ಅತಿಥಿ ಯಾರು?

ಕಲಕಿದಾಗ ಏನಾಗುತ್ತದೆ ಎಂಬುದಕ್ಕೆ ಉತ್ತರ ಬಂದದ್ದು 1897ರಲ್ಲಿ. ಅಮೆರಿಕದ ಆರ್ಥರ್ ನಾಯ್ಸ್ ಮತ್ತು ವಿಲ್ಲಿಸ್ ವಿಟ್ನಿ ಎಂಬಿಬ್ಬರು ಬೆಂಜೋಯಿಕ್ ಆಮ್ಲ ಹಾಗೂ ಸೀಸದ ಕ್ಲೋರೈಡಿನ ಕಡ್ಡಿಗಳನ್ನು ಆರಿಸಿಕೊಂಡರು. ಎರಡೂ ನೀರಿನಲ್ಲಿ ಅತಿ ಸ್ವಲ್ಪವೇ ಕರಗುವಂಥವು. ಕಡ್ಡಿಗಳನ್ನು ನೀರಿನಲ್ಲಿ ಒಂದೇ ವೇಗದಲ್ಲಿ ತಿರುಗಿಸುತ್ತ, ಆಗಾಗ ದ್ರಾವಣವನ್ನು ಪರೀಕ್ಷಿಸಿದರು. ಕರಗುವ ವಸ್ತುವಿನ ಮೈಗೆ ಅಂಟಿಕೊಂಡಂತೆ ಪರ್ಯಾಪ್ತ ದ್ರಾವಣದ ತೆಳುವಾದ ಪದರವೊಂದಿರುತ್ತದೆ, ಅಂದರೆ ಇನ್ನು ಕರಗಿಸಿಕೊಳ್ಳಲಾರದಷ್ಟು ತುಂಬಿದ ನೀರು, ಎಂಬುದು ಅವರ ವಿವರಣೆ. ಆ ಪದರದಿಂದ ಕಣಗಳು ಹೊರಗೆ ಹೋದರೆ ಮಾತ್ರ ಹೊಸ ಕಣಗಳು ಕರಗಲು ಸಾಧ್ಯ. ವೇಗವಾಗಿ ಕಲಕಿದಷ್ಟೂ ಈ ಪದರ ತೆಳುವಾಗುತ್ತದೆ ಎಂಬ ಸ್ಪಷ್ಟ ರೂಪವನ್ನು 1904ರಲ್ಲಿ ಜರ್ಮನಿಯ ನೆರ್ನ್ಸ್ಟ್ ಮತ್ತು ಬ್ರುನ್ನರ್ ಕೊಟ್ಟರು.

ಆದರೆ ಕೊನೆಯ ಮಿತಿ ಬದಲಾಗುವುದಿಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 360 ಗ್ರಾಂ ಉಪ್ಪು ಕರಗುತ್ತದೆ. ಕಲಕಿದರೆ ಆ ಮಿತಿಯನ್ನು ಬೇಗ ಮುಟ್ಟುತ್ತೀರಿ, ದಾಟುವುದಿಲ್ಲ. ಕೆರೆಯ ಮಣ್ಣನ್ನು ಎಷ್ಟು ಕಲಕಿದರೂ ಅದು ಕರಗುವುದಿಲ್ಲ; ಕೈ ನಿಲ್ಲಿಸಿದೊಡನೆ ನಿಧಾನವಾಗಿ ತಳ ಸೇರುತ್ತದೆ. ಅದು ದ್ರಾವಣವಲ್ಲ.

ಇದೆಲ್ಲ ಅಡುಗೆಮನೆಯ ಮಾತಾಯಿತು ಎನ್ನಬೇಡಿ. ನಮ್ಮ ಕರ್ನಾಟಕದ ಬಂಗಾರವೂ ಇದೇ ನಿಯಮಕ್ಕೆ ಒಳಪಟ್ಟಿದೆ. ಅದಿರಿನಲ್ಲಿರುವ ಅತಿ ಸಣ್ಣ ಚಿನ್ನದ ಕಣಗಳನ್ನು ಪಾದರಸದಿಂದ ಹಿಡಿಯುವುದು ಕಷ್ಟ. ಬಹಳಷ್ಟು ಪುಡಿಮರಳಿನ ಜೊತೆ ಹೊರಟುಹೋಗುತ್ತಿತ್ತು. 1887ರಲ್ಲಿ ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸುವ ವಿಧಾನಕ್ಕೆ ಹಕ್ಕುಸ್ವಾಮ್ಯ ಪಡೆದರು. ಕೋಲಾರದ ಗಣಿಗಳಲ್ಲಿ ಅದು ಬಳಕೆಗೆ ಬಂದಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಸೈನೈಡ್ ವಿಧಾನವೇ ನಡೆಯುತ್ತಿದೆ.

ಚಿನ್ನ ಕರಗಲು ಸೈನೈಡ್ ಒಂದೇ ಸಾಲದು, ಆಮ್ಲಜನಕವೂ ಬೇಕು. ಗಾಳಿಗೆ ತೆರೆದ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಅದು ಮುಗಿದಂತೆಲ್ಲ ಹೊಸದಾಗಿ ತುಂಬಬೇಕು. ಆದ್ದರಿಂದ ದೊಡ್ಡ ತೊಟ್ಟಿಗಳಲ್ಲಿ ಅದಿರಿನ ರಾಡಿಯನ್ನು ಗಾಳಿ ಬೆರೆಯುವಂತೆ ಗಂಟೆಗಟ್ಟಲೆ ಕಲಕಬೇಕಾಗುತ್ತದೆ. ನಿಲ್ಲಿಸಿದರೆ ರಾಡಿ ತಳಕ್ಕಿಳಿಯುತ್ತದೆ, ಬಂಗಾರದ ಕಣಗಳು ಅದರಲ್ಲೇ ಹೂತು ಉಳಿಯುತ್ತವೆ. ಹೂಲಿಯ ಅಜ್ಜಿ ಹೇಳಿದ್ದೂ ಅದನ್ನೇ ಅಲ್ಲವೇ?

ಕೋಲಾರದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಚಿನ್ನ ಕರಗಿ ಹೋಯಿತು, ಕರಗದ್ದು ಉಳಿಯಿತು. ಅಲ್ಲಿನ ಜನ ಸೈನೈಡ್ ದಿಬ್ಬಗಳೆಂದು ಕರೆಯುವ ಪುಡಿಮಣ್ಣಿನ ಗುಡ್ಡಗಳು ಊರಿನ ನಡುವೆ ಇಂದಿಗೂ ನಿಂತಿವೆ. ಗಾಳಿ ಎದ್ದಾಗ ಅವುಗಳ ಧೂಳು ಮನೆಗಳ ಮೇಲೆ ಬೀಳುತ್ತದೆ. ಯಾವುದು ದ್ರಾವಣಕ್ಕೆ ಹೋಗುತ್ತದೆ ಎಂದು ಲೆಕ್ಕ ಹಾಕುವಾಗಲೇ, ಯಾವುದು ತಳದಲ್ಲಿ ಉಳಿಯುತ್ತದೆ, ಅದನ್ನು ಯಾರು ನೋಡಿಕೊಳ್ಳಬೇಕು ಎಂದೂ ಕೇಳಬೇಕಿತ್ತು.

ಆ ಹುಡುಗನಿಗೆ ನಾನು ಹೇಳಿದ ಪ್ರಯೋಗವನ್ನು ನೀವೂ ಮಾಡಿ ನೋಡಿ. ಒಂದೇ ತೂಕದ ಮೂರು ಬೆಲ್ಲದ ಹೆಂಟೆಗಳು, ಮೂರು ಗಾಜಿನ ಲೋಟಗಳು, ಒಂದೇ ಅಳತೆಯ ನೀರು. ಒಂದನ್ನು ತಳದಲ್ಲಿ ಸುಮ್ಮನೆ ಬಿಡಿ. ಇನ್ನೊಂದನ್ನು ಕಲಕಿ. ಮೂರನೆಯದನ್ನು ತೆಳುಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಡಿ. ಗಡಿಯಾರ ನೋಡಿ ಬರೆದುಕೊಳ್ಳಿ. ತೂಗುಬಿಟ್ಟದ್ದು ತಳದಲ್ಲಿ ಕುಳಿತದ್ದಕ್ಕಿಂತ ಬೇಗ ಕರಗುತ್ತದೆ. ಬೆಲ್ಲದ ಭಾರವಾದ ನೀರು ಎಳೆಎಳೆಯಾಗಿ ಕೆಳಗಿಳಿಯುವುದನ್ನು ಬೆಳಕಿಗೆ ಹಿಡಿದು ನೋಡಿದರೆ ಕಾಣಬಹುದು. ಆ ಲೋಟದಲ್ಲಿ ಕಲಕುತ್ತಿರುವವರು ಯಾರು? ಉತ್ತರವನ್ನು ನೀವೇ ಬರೆಯಿರಿ.