ಎಣಿಕೆಯ ಜನ, ಮತಗಟ್ಟೆಯ ಜನ: ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳನ್ನು ಕುರಿತು

ಒಂದು ಜಿಲ್ಲೆಯ ಜನರು ಯಾವ ಪಕ್ಷದತ್ತ ಒಲಿಯುತ್ತಾರೆ ಎಂಬುದನ್ನು ಅಲ್ಲಿನ ಜಾತಿ, ಧರ್ಮ, ಭಾಷೆಗಳ ಎಣಿಕೆಯಿಂದಲೇ ಹೇಳಿಬಿಡಬಹುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳು ಮುಂದಿಡುವುದೂ ಇದೇ ಲೆಕ್ಕವನ್ನು. ಈ ನಂಬಿಕೆಯನ್ನು ಪರೀಕ್ಷಿಸಲು ಹಿಂದಿನ ಹೈದರಾಬಾದು ಸಂಸ್ಥಾನದ ಚರಿತ್ರೆ ಒಳ್ಳೆಯ ನೆಲೆಯನ್ನು ಒದಗಿಸುತ್ತದೆ. ಒಬ್ಬನೇ ನಿಜಾಮನ ಆಳ್ವಿಕೆಯಲ್ಲಿ, ಉರ್ದುವೊಂದೇ ಆಡಳಿತ ಭಾಷೆಯಾಗಿದ್ದ ಕಾಲವನ್ನು ದಾಟಿ ಬಂದ ಹದಿನಾರು ಜಿಲ್ಲೆಗಳು ಇಲ್ಲಿದ್ದವು. ಅವುಗಳಲ್ಲಿ ತೆಲಂಗಾಣದವು 8, ಮರಾಠವಾಡದವು 5, ಕನ್ನಡ ನಾಡಿನವು 3: ಬೀದರ್, ಗುಲಬರ್ಗಾ, ರಾಯಚೂರು.

1952ರ ಮೊದಲ ಮಹಾಚುನಾವಣೆಯಲ್ಲಿ ಹೈದರಾಬಾದು ವಿಧಾನಸಭೆಯ 175 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 93, ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟಿಗೆ 42 ದೊರೆತವು. ಕಮ್ಯುನಿಸ್ಟ್ ಪಕ್ಷಕ್ಕೆ ನಿಷೇಧವಿದ್ದುದರಿಂದ ಅದರ ನಾಯಕರು ಈ ಫ್ರಂಟಿನ ಹೆಸರಿನಲ್ಲಿ ಸ್ಪರ್ಧಿಸಿದ್ದರು. ನಲಗೊಂಡದಿಂದ ಲೋಕಸಭೆಗೆ ನಿಂತ ರಾವಿ ನಾರಾಯಣರೆಡ್ಡಿಯವರು ನೆಹರೂ ಅವರಿಗಿಂತಲೂ ಹೆಚ್ಚು ಮತ ಪಡೆದರು. ಆದರೆ ಈ ಅಲೆ ಬಹುಮಟ್ಟಿಗೆ ತೆಲುಗು ಜಿಲ್ಲೆಗಳ ಎಲ್ಲೆಯಲ್ಲಿಯೇ ನಿಂತಿತು. ಗುಲಬರ್ಗಾದಿಂದ ಗೆದ್ದವರು ಕಾಂಗ್ರೆಸ್ಸಿನ ಸ್ವಾಮಿ ರಮಾನಂದ ತೀರ್ಥರು.

ಬಡತನವಾಗಲಿ ಅನಕ್ಷರತೆಯಾಗಲಿ ಎರಡೂ ಕಡೆ ಬಹಳ ಬೇರೆಯಾಗಿರಲಿಲ್ಲ; ಇಡೀ ರಾಜ್ಯದಲ್ಲಿ ನೂರಕ್ಕೆ ಹತ್ತು ಮಂದಿಗೂ ಓದುಬರಹ ತಿಳಿದಿರಲಿಲ್ಲ. ವ್ಯತ್ಯಾಸವಿದ್ದುದು ಜನರ ಎಣಿಕೆಯಲ್ಲಲ್ಲ, ಜನರು ಸಂಘಟಿತರಾದ ಬಗೆಯಲ್ಲಿ. ತೆಲಂಗಾಣದಲ್ಲಿ ದೇಶಮುಖರ ಜಮೀನು ಮತ್ತು ಬಿಟ್ಟಿ ಚಾಕರಿಗಳ ವಿರುದ್ಧ ಆಂಧ್ರ ಮಹಾಸಭೆ ಹಳ್ಳಿ ಹಳ್ಳಿಯಲ್ಲಿ ಸಂಘ ಕಟ್ಟಿತ್ತು. 1946ರಿಂದ 1951ರವರೆಗಿನ ಸಶಸ್ತ್ರ ಹೋರಾಟ ಅದರ ಫಲ. ಕನ್ನಡ ಜಿಲ್ಲೆಗಳ ಹೋರಾಟವಾದರೋ ಗಡಿಯ ಶಿಬಿರಗಳಿಂದ ರಜಾಕಾರರ ವಿರುದ್ಧ ನಡೆದದ್ದು. ಮುಂಡರಗಿ ಶಿಬಿರದ ಶಿವಮೂರ್ತಿಸ್ವಾಮಿ ಅಳವಂಡಿಯವರು 1952ರಲ್ಲಿ ಕುಷ್ಟಗಿಯಿಂದ ಪಕ್ಷೇತರರಾಗಿ ಲೋಕಸಭೆಗೆ ಆರಿಸಿಬಂದುದನ್ನು ಯಾವ ಜನಗಣತಿಯ ಕೋಷ್ಟಕವೂ ಮುಂಚಿತವಾಗಿ ಸೂಚಿಸುವಂತಿರಲಿಲ್ಲ.

ಬೀದರಿನ ನಿದರ್ಶನ ಇನ್ನೂ ವಿಚಾರಾರ್ಹವಾದುದು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಅಲ್ಲಿ ಬಳಕೆಯಲ್ಲಿದ್ದವು. ಅರ್ಧದಷ್ಟು ಜನರ ಮಾತು ಎನಿಸಿಕೊಳ್ಳುವ ಭಾಷೆ ಒಂದೂ ಇರಲಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಮುಸಲ್ಮಾನರ ಮೇಲೆ ಅತಿ ಹೆಚ್ಚು ಹಿಂಸೆ ನಡೆದ ನಾಲ್ಕು ಜಿಲ್ಲೆಗಳಲ್ಲಿ ಇದೂ ಒಂದೆಂದು ಸುಂದರಲಾಲ್ ಸಮಿತಿ ಹೇಳಿದೆ. ಉಳಿದವು ಉಸ್ಮಾನಾಬಾದು, ಗುಲಬರ್ಗಾ ಮತ್ತು ನಾಂದೇಡ. ಇದಾದ ನಾಲ್ಕು ವರ್ಷಗಳೊಳಗೆ, ಹಿಂದೂಗಳೇ ಬಹುಸಂಖ್ಯಾತರಾದ ಇದೇ ಬೀದರು ಕಾಂಗ್ರೆಸ್ಸಿನ ಶೌಕತುಲ್ಲಾ ಶಾಹ್ ಅನ್ಸಾರಿಯವರನ್ನು ಲೋಕಸಭೆಗೆ ಕಳುಹಿಸಿತು. ಗಾಯ ಮಾಗಿತ್ತೆಂದು ಇದರಿಂದ ತೀರ್ಮಾನಿಸಲಾಗದು. ಧರ್ಮದ ಪ್ರಮಾಣವೊಂದನ್ನೇ ಹಿಡಿದು ಹೊರಟವನಿಗೆ ಮಾತ್ರ ಈ ಫಲಿತಾಂಶ ಎಟುಕದು. ಹೈದರಾಬಾದು ನಗರದ ಮಾತೂ ಹೀಗೆಯೇ. 1952ರಲ್ಲಿ ಅಲ್ಲಿಂದ ಗೆದ್ದವರು ಕಾಂಗ್ರೆಸ್ಸಿನ ಅಹಮದ್ ಮೊಹಿಯುದ್ದೀನ್. ಮಜ್ಲಿಸ್ ಪಕ್ಷ ಪುನಶ್ಚೇತನಗೊಂಡುದು 1950ರ ದಶಕದ ಕೊನೆಯಲ್ಲಿ. ಆ ಪಕ್ಷವನ್ನು ಮುನ್ನಡೆಸಿದ ಓವೈಸಿ ಮನೆತನದವರೇ 1984ರಿಂದ ಈ ಕ್ಷೇತ್ರದ ಪ್ರತಿನಿಧಿಗಳು. ಹಳೆಯ ನಗರದ ಮುಸಲ್ಮಾನ ವಸತಿ 1952ರಲ್ಲಿಯೂ ಇತ್ತಷ್ಟೆ.

ಮತವನ್ನು ನಿರ್ಧರಿಸಲಾರದ ಜನಗಣತಿ ಗಡಿಯನ್ನು ಮಾತ್ರ ನಿರ್ಧರಿಸಿತು. 1956ರ ನವೆಂಬರ್ 1ರಂದು ಭಾಷಾ ಬಾಹುಳ್ಯವನ್ನು ಮುಖ್ಯವಾಗಿ ನೋಡಿ ಜಿಲ್ಲೆಗಳನ್ನು ಹಂಚಿದಾಗ ಗುಲಬರ್ಗಾದ ಕೊಡಂಗಲ್ಲು, ತಾಂಡೂರು, ರಾಯಚೂರಿನ ಗದ್ವಾಲ, ಆಲಂಪುರ, ಬೀದರಿನ ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ ಸೇರಿದವು. (ಕನ್ನಡ ನಾಡನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸಿದ ಕವಿರಾಜಮಾರ್ಗ ಹುಟ್ಟಿದ್ದು ಮಳಖೇಡದ ಆಸ್ಥಾನದಲ್ಲಿ, ಆ ಮಳಖೇಡದಿಂದ ಈ ಹೊಸ ಗಡಿ ಬಹಳ ದೂರವಿಲ್ಲ.)

ಇನ್ನು ಮತದಾನದ ಪ್ರಮಾಣದ ವಿಷಯ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ಸರಾಸರಿ ಶೇ. 70ನ್ನು ಮೀರಿತ್ತು, ಮಂಡ್ಯದಲ್ಲಿ ಶೇ. 81ನ್ನೂ ದಾಟಿತ್ತು; ಗುಲಬರ್ಗಾ ಶೇ. 62ರಲ್ಲಿಯೇ ಉಳಿಯಿತು. ಹಿಂದುಳಿದ ನಾಡಿನ ಜನರ ನಿರಾಸಕ್ತಿ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಹೈದರಾಬಾದು ನಗರದಲ್ಲಿ ಆ ವರ್ಷದ ಮತದಾನ ಶೇ. 48ರಷ್ಟು ಎಂಬುದನ್ನು ನೆನೆದರೆ ಆ ಮಾತು ನಿಲ್ಲುವುದಿಲ್ಲ.

ನನ್ನ ದೃಷ್ಟಿಯಲ್ಲಿ ಇಲ್ಲಿ ಗಣಿಸಬೇಕಾದುದು ಗುಳೆ. ಮೊದಲ ಚುನಾವಣೆಗಳು ನಡೆದುದು ಚಳಿಗಾಲದಲ್ಲಿ, ಹಿಂಗಾರಿ ಜೋಳ ಇನ್ನೂ ಹೊಲದಲ್ಲಿರುವಾಗ. ಜನರು ಊರಲ್ಲಿಯೇ ಇರುತ್ತಿದ್ದರು. 1957, 1962, 1967ರ ಚುನಾವಣೆಗಳೂ ಫೆಬ್ರವರಿಯ ಆಸುಪಾಸಿನವೇ. 2004ರಿಂದೀಚೆಗೆ ಲೋಕಸಭೆಯ ಮತದಾನ ಏಪ್ರಿಲ್, ಮೇ ತಿಂಗಳುಗಳಿಗೆ ಬಂದು ನಿಂತಿದೆ. ತೊಗರಿಯ ರಾಶಿ ಮುಗಿದು, ಜೋಳ ಮನೆಗೆ ಬಂದ ಮೇಲೆ ಯಾದಗಿರಿ, ರಾಯಚೂರು, ಕಲಬುರಗಿಯ ಒಣಭೂಮಿಯ ಕೂಲಿಕಾರರು ಹೈದರಾಬಾದು, ಬೆಂಗಳೂರು, ಪುಣೆಗಳ ಕಟ್ಟಡದ ಕೆಲಸಕ್ಕೆ ಹೊರಡುವ ತಿಂಗಳುಗಳಿವು. ಬೇಸಿಗೆಯೊಂದನ್ನೇ ಕಾರಣವೆನ್ನಲಾಗದು: 2024ರಲ್ಲಿ ಕಲಬುರಗಿ ಮೇ 7ರಂದು, ಜಹೀರಾಬಾದು ಮೇ 13ರಂದು ಮತ ಹಾಕಿದವು, ಜಹೀರಾಬಾದಿನಲ್ಲಿ ಪ್ರಮಾಣ ಶೇ. 74ರ ಸುತ್ತಮುತ್ತ ಇತ್ತು. ಆ ಕ್ಷೇತ್ರದಲ್ಲಿ ಹಿಂದಿನ ನಿಜಾಮಾಬಾದಿನ ಭಾಗಗಳೂ ಇರುವುದರಿಂದ ನೇರ ಹೋಲಿಕೆ ಸಲ್ಲದು. ಆದರೂ ಎಲ್ಲಿಗೆ ಗುಳೆ ಹೋಗುತ್ತಾರೆ, ಮತದ ದಿನ ಮರಳಿಬರಲು ಎಷ್ಟು ದಿನದ ಕೂಲಿ, ಎಷ್ಟು ಬಸ್ಸಿನ ಖರ್ಚು ಎಂಬ ಪ್ರಶ್ನೆಗಳನ್ನು ಅದು ಎತ್ತುತ್ತದೆ.

2012ರ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯ ಹಣ ಯಾವ ಹಳ್ಳಿಗೆ ತಲುಪಬೇಕೆಂಬುದರಲ್ಲಿ ಶಾಸಕರ ಮಾತಿಗೆ ತೂಕವಿದೆ. ಶಾಸಕರನ್ನು ಆರಿಸುವಾಗ ಗುಳೆಯ ಕುಟುಂಬ ಊರಲ್ಲಿರುವುದಿಲ್ಲ. 2023ರ ವಿಧಾನಸಭೆಯ ಮತದಾನವೂ ಮೇ 10ರಂದೇ ನಡೆಯಿತು. ಜನಗಣತಿಯ ಪಟ್ಟಿಯಲ್ಲಿ ಈ ಗೈರುಹಾಜರಿ ಸಾಮಾನ್ಯವಾಗಿ ಕಾಣಿಸಿಕೊಳ್ಳದು. 2011ರ ಎಣಿಕೆ ನಡೆದುದು ಫೆಬ್ರವರಿ 9ರಿಂದ 28ರವರೆಗೆ. ಆಗ ಮನೆಯಲ್ಲಿದ್ದು ಹೆಸರು ಬರೆಸಿದ ಕೂಲಿಕಾರನ ಮನೆಗೆ ಏಪ್ರಿಲ್ಲಿನಲ್ಲಿ ಬೀಗ ಬಿದ್ದಿರುತ್ತದೆ.