ಬಿಡಾರ ಮಂಗಳೂರಲ್ಲಿ, ಖಾತೆ ಏಡನ್‌ನಲ್ಲಿ

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಒಂದು ಬಿಡುಗಡೆ ಪತ್ರ ತಯಾರಾಯಿತು. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಆಶು ಎಂಬ ತನ್ನ ದಾಸಿಯನ್ನು ದಾಸ್ಯದಿಂದ ಮುಕ್ತಗೊಳಿಸಿದ ಪತ್ರ ಅದು. ಈತ ಇಂದಿನ ಟುನೀಶಿಯಾದ ಕರಾವಳಿ ಪಟ್ಟಣ ಮಹ್ದಿಯಾದವನು. ಅಲ್ಲಿಂದ ಯೆಮನ್‌ನ ಬಂದರು ಏಡನ್‌ಗೆ, ಏಡನ್‌ನಿಂದ ಆಳುಪರ ಆಳ್ವಿಕೆಯಲ್ಲಿದ್ದ ತುಳುನಾಡಿಗೆ ಬಂದು ಇಲ್ಲಿ ವ್ಯಾಪಾರಕ್ಕೆ ಕೂತ. ಹೋದದ್ದು 1149ರಲ್ಲಿ. ಹದಿನೇಳು ವರ್ಷದ ಬಹುಭಾಗ ಒಂದೂರಲ್ಲಿ ಇದ್ದು, ಕಂಚಿನ ಎರಕದ ಕಾರ್ಖಾನೆ ನಡೆಸಿ, ಮಕ್ಕಳನ್ನು ಪಡೆದವನನ್ನು ಆ ಊರಲ್ಲಿ ನೆಲೆಸಿದವನೆಂದೇ ಕರೆಯುವುದು ವಾಡಿಕೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವನು ಬಂದ ದಿನದಿಂದ ಹೊರಟ ದಿನದವರೆಗೂ ಇಲ್ಲಿ ತಾತ್ಕಾಲಿಕವಾಗಿಯೇ ಇದ್ದ. ತಾತ್ಕಾಲಿಕ ವಾಸವನ್ನು ವರ್ಷ ಎಣಿಸಿ ತೀರ್ಮಾನಿಸಲು ಬರುವುದಿಲ್ಲ. ಒಬ್ಬನ ಸಾಲ, ಬಾಕಿ, ಮರ್ಯಾದೆ ಎಲ್ಲಿ ಚುಕ್ತಾ ಆಗುತ್ತವೆ ಎಂಬುದನ್ನು ನೋಡಬೇಕು.

ಇಷ್ಟೆಲ್ಲ ನಮಗೆ ಗೊತ್ತಾಗಿರುವುದು ಕೈರೋದ ಹಳೆಯ ಭಾಗ ಫುಸ್ತಾತ್‌ನ ಬೆನ್ ಎಜ್ರಾ ಪ್ರಾರ್ಥನಾಲಯದ ಕಾಗದದ ಕೋಣೆಯಿಂದ. ದೇವರ ಹೆಸರಿರಬಹುದಾದ ಬರಹವನ್ನು ನಾಶಮಾಡಬಾರದೆಂದು ಅಲ್ಲಿನವರು ಹರುಕು ಚೀಟಿಗಳನ್ನೂ ಅದರೊಳಗೆ ಹಾಕುತ್ತಿದ್ದರು. ಅರಬ್ಬಿ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ಆ ಪತ್ರಗಳನ್ನು ವಿಂಗಡಿಸಿ ಓದಿದವರಲ್ಲಿ ಎಸ್.ಡಿ. ಗೊಯಿಟೈನ್ ಮುಖ್ಯರು. 1992ರಲ್ಲಿ ಅಮಿತಾವ್ ಘೋಷ್ ತಮ್ಮ ಪುಸ್ತಕದ ಮೂಲಕ ಈ ಕಥೆಯನ್ನು ಸಾಮಾನ್ಯ ಓದುಗರಿಗೆ ತಲುಪಿಸಿದರು. ಮಂಗಳೂರಿನಿಂದ ಏಡನ್‌ಗೆ ಹೋಗುತ್ತಿದ್ದದ್ದು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ, ಕಂಚಿನ ಪಾತ್ರೆ. ಬರುತ್ತಿದ್ದದ್ದು ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಚಾಪೆ, ಮುಖ್ಯವಾಗಿ ಕಾಗದ. ಓಲೆಗರಿಯ ನಾಡಿನಲ್ಲಿದ್ದುಕೊಂಡು ಈತ ಬರೆಯುವುದಕ್ಕೂ ಹಡಗಿನ ದಾರಿ ಕಾಯಬೇಕಿತ್ತು. ಮಳೆಗಾಲದಲ್ಲಿ ಬಂದರು ಮುಚ್ಚಿತೆಂದರೆ ಆ ದಾರಿಯೂ ಇಲ್ಲ. ಆದ್ದರಿಂದ ಬಂದ ಪತ್ರದ ಹಿಂಬದಿಯಲ್ಲೇ ತನ್ನ ಲೆಕ್ಕ ಬರೆದುಕೊಂಡ. ಕಾರ್ಖಾನೆಯ ರೀತಿಯೂ ಹಾಗೇ. ಏಡನ್‌ನ ಗಿರಾಕಿಗಳು ಒಡೆದ ಬೋಗುಣಿ, ಹಳೆಯ ಹೂಜಿಗಳನ್ನು ಹಡಗಿಗೆ ಹಾಕಿ, ಕರಗಿಸಿ ಹೊಸದು ಮಾಡಿಸು, ಆಕಾರ ಇಂಥದ್ದು, ತೂಕ ಇಷ್ಟು ಎಂದು ಬರೆಯುತ್ತಿದ್ದರು. ಕುಲುಮೆ, ಕಂಚುಗಾರರ ಕೈ ಇಲ್ಲಿನವು. ಲೋಹದ ಬಹುಪಾಲು, ಕೊಳ್ಳುವವರು, ಹೀಗಿರಬೇಕು ಹಾಗಿರಬೇಕು ಎನ್ನುವ ಅಭಿರುಚಿ ಅಲ್ಲಿನವು.

ಏಲಕ್ಕಿಯ ಒಂದು ತಕರಾರಿನಲ್ಲಿ ಈ ಅವಲಂಬನೆ ಇನ್ನೂ ನಿಚ್ಚಳವಾಗುತ್ತದೆ. ಏಲಕ್ಕಿ ಕೊಳ್ಳಲು ಬೆನ್ ಯಿಜು ಇಲ್ಲಿನ ಒಬ್ಬ ದಲ್ಲಾಳಿಗೆ ಮುಂಗಡ ಕೊಟ್ಟಿದ್ದ. ಆ ದುಡ್ಡಿನಲ್ಲಿ ಏಡನ್‌ನ ಪಾಲುದಾರರದ್ದೂ ಇತ್ತು. ಮಾಲು ಬರಲಿಲ್ಲ. ದುಡ್ಡಿಗಾಗಿ ಏಡನ್‌ನವರು ಪತ್ರದ ಮೇಲೆ ಪತ್ರ ಬರೆದರು. ಆಳುಪ ಅರಸನ ಬಳಿಗೆ ಹೋಗು, ಇಲ್ಲಿನ ಸೆಟ್ಟಿಗಳನ್ನು ಕೂರಿಸಿ ಪಂಚಾಯಿತಿ ಮಾಡಿಸು ಎಂಬ ಮಾತು ಅವುಗಳಲ್ಲಿ ಕಾಣುವುದಿಲ್ಲ. ಮಾತು ತಪ್ಪಿದವರಿಗೆ ಏಡನ್‌ನಲ್ಲಿ ಛೀಮಾರಿ ಬೀಳುತ್ತದೆ ಎಂದು ಆತನನ್ನು ಹೆದರಿಸು ಎನ್ನುತ್ತಾರೆ. ಸ್ಥಳೀಯ ದಲ್ಲಾಳಿಯ ಮರ್ಯಾದೆಯೂ ಸಮುದ್ರದಾಚೆ ಹರಾಜಾಗಬಲ್ಲದು ಎಂಬುದು ಆ ಬೆದರಿಕೆಯ ಅರ್ಥ. ಅವನಿಗೇ ಹೀಗಾದರೆ ಬೆನ್ ಯಿಜುವಿನ ಪಾಡು ಹೇಳಬೇಕಾಗಿಲ್ಲ. ಅವನ ನಿಲುವು ಪೂರ್ತಿ ಏಡನ್‌ನ ವರ್ತಕರ ಪ್ರತಿನಿಧಿ ಮದ್ಮೂನನ ಖಾತೆಯ ಮೇಲೆ ನಿಂತಿತ್ತು.

ಹೆಂಡತಿ ಮಕ್ಕಳಿದ್ದ ಸಂಸಾರಕ್ಕೆ ತಾತ್ಕಾಲಿಕ ಎನ್ನುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವನ ಹೆಂಡತಿಯೆಂದೇ ತಿಳಿಯಲಾದ ಆಶು ನಾಯರ್ ಮನೆತನದವಳಿರಬೇಕೆಂದು ಘೋಷ್ ಊಹಿಸುತ್ತಾರೆ. ಸುರೂರ್ ಎಂಬ ಮಗ, ಸಿತ್ ಅಲ್-ದಾರ್ ಎಂಬ ಮಗಳು ಇಲ್ಲಿಯೇ ಹುಟ್ಟಿದರು. ಬೊಮ್ಮ ಎಂಬ ತುಳುನಾಡಿನ ಆಳು ಅವನ ಪರವಾಗಿ ಏಡನ್‌ವರೆಗೂ ವ್ಯವಹಾರಕ್ಕೆ ಹೋಗಿಬಂದ, ಅಲ್ಲಿ ಕುಡಿದು ಗಲಾಟೆಯನ್ನೂ ಮಾಡಿದ, ಮುಂದೊಂದು ದಿನ ಏಡನ್‌ನ ವರ್ತಕರು ಅವನನ್ನು ಸೋದರನೆಂದು ಕರೆದು ಕ್ಷೇಮ ಕೇಳುವಷ್ಟು ಬೆಳೆದ. (ಪತ್ರಗಳ ಮೂರು ಅಕ್ಷರಗಳನ್ನು ಬೊಮ್ಮ ಎಂದು ಓದಲು ಘೋಷ್‌ಗೆ ನೆರವಾದವರು ನಮ್ಮ ವಿದ್ವಾಂಸ ಬಿ.ಎ. ವಿವೇಕ ರೈ.) ಆದರೂ ಬಿಡುಗಡೆ ಪತ್ರವನ್ನೇ ನೋಡಿ: ಬರೆದದ್ದು ಮಂಗಳೂರಿನಲ್ಲಿ, ಊರಿನ ಪೇಟೆಯಲ್ಲಿ ಹೆಚ್ಚಿನವರು ಓದಲಾಗದ ಲಿಪಿಯಲ್ಲಿ, ಎಲ್ಲೋ ದೂರದ ಧರ್ಮಪೀಠ ಒಪ್ಪುವ ನಮೂನೆಯಲ್ಲಿ. 1149ರ ಸೆಪ್ಟೆಂಬರ್‌ನಲ್ಲಿ ಏಡನ್‌ನಿಂದ ಅಣ್ಣತಮ್ಮಂದಿರಿಗೆ ಬರೆದ ಪತ್ರದಲ್ಲಿ ಆಸ್ತಿಯೊಂದಿಗೆ, ಮಕ್ಕಳೊಂದಿಗೆ ಸುಖವಾಗಿ ಬಂದೆ ಎನ್ನುತ್ತಾನೆ. ಆಶುವಿನ ಸುದ್ದಿ ಇಲ್ಲ. ಸಂಸಾರ ಎಷ್ಟೇ ನಿಜವಿರಲಿ, ಹೊರಡುವಾಗ ಯಾವುದನ್ನು ಕಟ್ಟಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪಟ್ಟಿ ಮೊದಲೇ ತಯಾರಿದ್ದಂತೆ ಕಾಣುತ್ತದೆ. ಏಡನ್‌ನಲ್ಲಿ ಏನೋ ತೊಂದರೆಗೆ ಸಿಕ್ಕಿ ಅವನು ಇಲ್ಲಿ ಉಳಿಯಬೇಕಾಯಿತೆಂಬ ಊಹೆಯೂ ವಿದ್ವಾಂಸರಲ್ಲಿದೆ. ಅದು ಸರಿಯಾಗಿದ್ದರೆ ನನ್ನ ವಾದಕ್ಕೆ ಬಲವೇ ಬಂತು: ಅವನ ಹದಿನೇಳು ವರ್ಷ, ಪ್ರತಿ ಹಂಗಾಮಿನಲ್ಲೂ ಮುಂದಿನ ಹಂಗಾಮಿಗೆ ತಳ್ಳಿದ ಪ್ರಯಾಣ. ಇಂದಿನ ಬೆಂಗಳೂರಿನ ಬಿಟಿಎಂ ಲೇಔಟ್, ಜೆ.ಪಿ. ನಗರಗಳಲ್ಲಿ ಬಾಡಿಗೆಗಿರುವವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಒಂದು ವರ್ಷ ದಾಟಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕಾದ್ದರಿಂದ ಕರಾರು ಹನ್ನೊಂದು ತಿಂಗಳದ್ದಾಗುತ್ತದೆ. ಅದೇ ಹನ್ನೊಂದು ತಿಂಗಳು ನವೀಕರಣವಾಗುತ್ತಾ ಮಕ್ಕಳು ಪಿಯುಸಿ ಮುಗಿಸುತ್ತಾರೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಉಳಿದ ಕಾಗದವೆಲ್ಲ ಕೈರೋದಲ್ಲಿ ಉಳಿದದ್ದರಿಂದಲೇ ಅವನ ಬದುಕು ಕಡಲಾಚೆಗೆ ಮುಖ ಮಾಡಿದಂತೆ ಕಾಣುತ್ತದೆ. ಮಂಗಳೂರಿನ ಸೆಟ್ಟಿಗಳ ಓಲೆಗರಿ ಲೆಕ್ಕ ಗೆದ್ದಲು ಹಿಡಿಯದೆ ಉಳಿದಿದ್ದರೆ ಚಿತ್ರ ಬೇರೆಯಾಗುತ್ತಿತ್ತು. ಒಪ್ಪುತ್ತೇನೆ, ಅರ್ಧ. ಇಲ್ಲಿನವರ ಕಡೆಯಿಂದ ಅವನು ಹೇಗೆ ಕಂಡ ಎಂಬುದು ನಮಗೆ ಸಿಕ್ಕಿಲ್ಲ. ಆದರೆ ಎರಡು ಶತಮಾನದ ಬಳಿಕ, ಸುಮಾರು 1342ರಲ್ಲಿ, ಪ್ರವಾಸಿ ಇಬ್ನ್ ಬತೂತ ಇದೇ ಊರಿಗೆ ಬಂದಾಗ ಪರ್ಷಿಯಾ, ಯೆಮನ್‌ಗಳ ವರ್ತಕರು ಇಲ್ಲಿ ಬಂದಿಳಿಯುತ್ತಿದ್ದರು. ಸುಮಾರು 4,000 ಮುಸಲ್ಮಾನರ ಕೇರಿ ಊರ ಪಕ್ಕದಲ್ಲಿ ಬೇರೆಯಾಗಿಯೇ ಇತ್ತು. ಊರವರೊಂದಿಗೆ ಆಗಾಗ ಜಗಳವಾಗುತ್ತಿತ್ತು. ವರ್ತಕರು ಬೇಕಾಗಿದ್ದರಿಂದ ಅರಸ ರಾಜಿ ಮಾಡಿಸುತ್ತಿದ್ದ. ಹೊರಗಿನವರನ್ನು ಪೂರ್ತಿ ಒಳಗೆ ಬಿಟ್ಟುಕೊಳ್ಳದೆ, ಪೂರ್ತಿ ಹೊರಗೂ ಹಾಕದೆ ಇರಿಸಿಕೊಳ್ಳುವ ಜಾಣತನ ಊರಿಗೂ ಇತ್ತು. ಅಂದರೆ ತಾತ್ಕಾಲಿಕತೆ ಬೆನ್ ಯಿಜುವಿನ ಹಟವೊಂದೇ ಆಗಿರಲಿಲ್ಲ, ಎರಡು ಕಡೆಗೂ ಲಾಭದ ಒಪ್ಪಂದವಾಗಿತ್ತು. ಲಾಭ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಲಿಲ್ಲ, ಆ ಮಾತು ಬೇರೆ.

ಬೆನ್ ಯಿಜು ಹಿಂದಿರುಗುವ ಹೊತ್ತಿಗೆ ಹಿಂದಿರುಗಬೇಕಾದ ಊರೇ ಉಳಿದಿರಲಿಲ್ಲ. 1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ಹಿಡಿದಿದ್ದರು. ಒಡಹುಟ್ಟಿದವರು ಸಿಸಿಲಿ ಸೇರಿದ್ದರು. ಮಗ ತೀರಿಕೊಂಡ. ಮಗಳನ್ನು ಏಡನ್‌ನ ಖಲಫ್ ಬಿನ್ ಬುಂದಾರ್ ಎಂಬ ದೊಡ್ಡ ವರ್ತಕನ ಮನೆಯವರು ಸೊಸೆಯಾಗಿ ಕೇಳಿದರು. ಮೂರು ವರ್ಷ ಆ ಮನೆಯಲ್ಲೇ ಇದ್ದ ಹುಡುಗಿಯನ್ನು ಅವನು ಕೊಡಲಿಲ್ಲ. ಗಂಡು ನನ್ನ ಅಣ್ಣತಮ್ಮಂದಿರ ಮಗನೇ ಆಗಬೇಕೆಂದು ಸಿಸಿಲಿಗೆ ಬರೆದ. 1156ರಲ್ಲಿ ಫುಸ್ತಾತ್‌ನಲ್ಲಿ ಮದುವೆಯಾಯಿತು. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಏಡನ್ನೂ ಅನ್ಯರ ಬಂದರು, ಫುಸ್ತಾತೂ ಅನ್ಯರ ಊರು. ಅವಳ ಕೈಬರಹದ ಒಂದು ಚೀಟಿಯೂ ನಮಗೆ ಸಿಕ್ಕಿಲ್ಲ.